ಕ್ರಾಯ್ಡನ್‌ನಿಂದ ಅಪ್ಪ, ಅಮ್ಮನಿಗೆ

ಕ್ರಾಯ್ಡನ್
ಲಂಡನ್
ನವೆಂಬರ್, ಭಾನುವಾರ

ತೀರ್ಥರೂಪು ಅಪ್ಪನವರಿಗೂ ಅಮ್ಮನಿಗೂ ಸುಮಾ ಮಾಡುವ ನಮಸ್ಕಾರಗಳು. ಇಲ್ಲಿ ನಾವೆಲ್ಲ ಕ್ಷೇಮ. ಅಮ್ಮನ ಕಾಗದ ತಲುಪಿತು.

ಅಮ್ಮಾ, ನಾನು ರಾತ್ರಿಯಲ್ಲಿ ಬೀದಿ ಸುತ್ತುತ್ತೇನೆಂದು ಶೈಲಾ ಹೇಳಿದ್ದು ಅರ್ಧ ಮಾತ್ರ ನಿಜ. ಹಳೆಯ ಸೋಡಿಯಂ ಬೀದಿದೀಪಗಳನ್ನು ನೋಡಲು ಹೋಗುತ್ತೇನೆ. ರಮೇಶ ಜೊತೆಗಿರುತ್ತಾರೆ, ಹೋಗುವುದು ಸಂಸಾರಸ್ಥರ ಬೀದಿಗಳಿಗೆ. ಈಗ ಇಲ್ಲಿ ನಾಲ್ಕೂವರೆಗೆಲ್ಲ ಕತ್ತಲು. ಊಟದ ಹೊತ್ತಿಗೆ ಮನೆ ಸೇರಿರುತ್ತೇವೆ. ಚಳಿಗೆ ದಪ್ಪ ಕೋಟು ಇದೆ, ಬೂಟು ಇದೆ. ಏನೂ ಭಯವಿಲ್ಲ.

ಅಪ್ಪಾ, ವಿದ್ಯುತ್ ಮಂಡಳಿಯಲ್ಲಿ ಆಯುಷ್ಯ ಸವೆಸಿದ ನಿಮಗೆ ಈ ದೀಪಗಳ ಬಗ್ಗೆ ಬರೆಯಲೇಬೇಕು. ಇವು ನಮ್ಮ ಹೆದ್ದಾರಿಯ ಸೋಡಿಯಂ ದೀಪಗಳಂಥವಲ್ಲ, ಒಳಗಿನ ಆವಿಯ ಒತ್ತಡ ಕಡಿಮೆ ಇರುವ ಬಗೆಯವು. ಯು ಆಕಾರಕ್ಕೆ ಬಾಗಿಸಿದ ಗಾಜಿನ ಕೊಳವೆ, ಒಳಗೆ ನಿಯಾನ್ ಅನಿಲ ಮತ್ತು ಸೋಡಿಯಂ. ಹೊತ್ತಿಕೊಂಡಾಗ ಮೊದಲು ನಿಯಾನ್ ಕೆಂಪಗೆ ಬೆಳಗುತ್ತದೆ. ಕೊಳವೆ ಕಾದು ಸೋಡಿಯಂ ಆವಿಯಾಗುತ್ತ ಬಂದಂತೆ, ಹತ್ತು ನಿಮಿಷದ ಹೊತ್ತಿಗೆ, ಬೀದಿಯೆಲ್ಲ ಹಳದಿ. 589 ನ್ಯಾನೋಮೀಟರ್ ಆಸುಪಾಸಿನ ತರಂಗಾಂತರದ ಆ ಹಳದಿಯ ಹೊರತು ಅದರಲ್ಲಿ ಬೇರೆ ಬಣ್ಣ ಇಲ್ಲವೆಂದೇ ಹೇಳಬೇಕು. ಕೆಂಪು ಕಾರು, ಹಸಿರು ಗೇಟು, ನೀಲಿ ಬಾಗಿಲು ಎಲ್ಲವೂ ಒಂದೇ ಬಗೆಯ ಮಂಕು. ಹಳೆಯ ಸಿಡಿಯಲ್ಲಿ ಅದರ ಬಿಂಬ ಹಿಡಿದು ನೋಡಿದರೆ ಕಾಮನಬಿಲ್ಲು ಮೂಡುವುದಿಲ್ಲ, ಹಳದಿಯೊಂದೇ ಕಾಣುತ್ತದೆ. ಆದರೆ 35 ವ್ಯಾಟಿನ ದೀಪವೊಂದು ನಮ್ಮ 60 ವ್ಯಾಟಿನ ಹಳೆಯ ಬಲ್ಬಿನ ಐದು ಪಟ್ಟಿಗೂ ಮೀರಿ ಬೆಳಕು ಕೊಡುತ್ತಿತ್ತು! ಹಳತಾದರೂ ಬೆಳಕು ಅಷ್ಟಾಗಿ ಕುಗ್ಗುವುದಿಲ್ಲ, ವಿದ್ಯುತ್ತನ್ನು ಮಾತ್ರ ಹೆಚ್ಚು ಎಳೆಯುತ್ತದೆ. ಅದರ ಕಾರಣ ನಿಮ್ಮ ಬಾಯಿಂದಲೇ ಕೇಳಬೇಕೆಂದಿದ್ದೇನೆ.

ಬ್ರಿಟನ್ನಿನಲ್ಲಿ ಸೋಡಿಯಂ ಬೀದಿದೀಪ ಮೊದಲು ಬೆಳಗಿದ್ದು 1932ರಲ್ಲಿ, ನಮ್ಮ ಕ್ರಾಯ್ಡನ್ನಿನ ಪರ್ಲಿ ವೇ ರಸ್ತೆಯಲ್ಲಿ. ಆಗಿನ ಲಂಡನ್ನಿನ ವಿಮಾನ ನಿಲ್ದಾಣವೂ ಅದೇ ರಸ್ತೆಯಲ್ಲಿತ್ತು. 1929ರಲ್ಲಿ ಕರಾಚಿಯವರೆಗಿನ ವಿಮಾನ ಅಂಚೆ ಹೊರಟದ್ದು ಅಲ್ಲಿಂದಲೇ. ಅಂಥ ಊರಿನಲ್ಲಿದ್ದೇನೆ ಎಂದು ನನಗೆ ಹೆಮ್ಮೆ. ಈಗ ಎಲ್ಲೆಡೆ ಎಲ್‌ಇಡಿ. ಸ್ಕಾಟ್ಲೆಂಡಿನ ಹ್ಯಾಮಿಲ್ಟನ್ ಕಾರ್ಖಾನೆಯಲ್ಲಿ ಈ ದೀಪಗಳ ತಯಾರಿಕೆ ನಿಂತುಹೋಗಿದೆ. ಹಾಗಾಗಿ ಒಂದು ಕೆಟ್ಟರೆ ಸಾಮಾನ್ಯವಾಗಿ ಇಡೀ ಲಾಂದ್ರವನ್ನೇ, ಅಂದರೆ ಕಂಬದ ಮೇಲಿನ ದೀಪದ ಗೂಡನ್ನೇ, ಇಳಿಸಿಬಿಡುತ್ತಾರೆ. ಗ್ಯಾರೇಜುಗಳ ಹಿಂದಿನ ಓಣಿಗಳಲ್ಲಿ, ಖಾಸಗಿ ರಸ್ತೆಗಳಲ್ಲಿ ಅಲ್ಲೊಂದು ಇಲ್ಲೊಂದು ಉಳಿದಿವೆ. ಹಗಲಿನಲ್ಲಿ ಕಂಬದ ಸಂಖ್ಯೆ, ಕಾಂಕ್ರೀಟೋ ಉಕ್ಕೋ, ಲಾಂದ್ರ ಯಾವ ಮಾದರಿ ಎಂದು ಬರೆದುಕೊಳ್ಳುತ್ತೇನೆ. ಸಂಜೆ ಮತ್ತೆ ಹೋಗಿ ಕೆಂಪಿನಿಂದ ಹಳದಿಗೆ ತಿರುಗುವವರೆಗೆ ಚಿತ್ರ ತೆಗೆಯುತ್ತೇನೆ. ಮುಂದಿನ ವಾರ ಹೋದರೆ ಕಂಬವೇ ಇಲ್ಲದಿರಬಹುದು. ಅದಕ್ಕೇ ಈ ಅವಸರ.

ಇಷ್ಟು ಬರೆಯುವಾಗಲೂ ಮನಸ್ಸು ಅಮ್ಮನ ಕಾಗದದ ಕೊನೆಯ ಸಾಲುಗಳಲ್ಲೇ ಇದೆ. ದೇವಸ್ಥಾನದ ಮೆಟ್ಟಿಲು ತಪ್ಪಿದಿರಂತೆ, ಯಾರಿಗೂ ಹೇಳಬೇಡ ಎಂದಿರಂತೆ. ಅಮ್ಮನ ನೀಲಿ ಸೀರೆಯನ್ನು ಹಸಿರು ಎಂದು ವಾದಿಸಿದಿರಂತೆ. ಅಪ್ಪಾ, ಪೊರೆ ಬಂದಾಗ ಕಣ್ಣಿನ ಮಸೂರ ಹಳದಿಗಟ್ಟುತ್ತದೆ, ನೀಲಿ ಮಂಕಾಗುತ್ತದೆ. ಬೀದಿಯ ಹಳದಿಯನ್ನು ನಾನು ಪ್ರೀತಿಸುತ್ತೇನೆ, ನಿಮ್ಮ ಕಣ್ಣಿನ ಹಳದಿಯನ್ನಲ್ಲ. ಪೊರೆ ಬಲಿಯಲಿ ಎಂದು ಕಾಯುವುದು ಹಿಂದಿನವರ ಪದ್ಧತಿ. ಈಗ ತಡಮಾಡಿದಷ್ಟೂ ಮಸೂರ ಗಟ್ಟಿಯಾಗಿ ಶಸ್ತ್ರಚಿಕಿತ್ಸೆ ಕಷ್ಟವಾಗುತ್ತದೆ. ಅರ್ಧ ಗಂಟೆಯೊಳಗಿನ ಕೆಲಸ, ಸಾಮಾನ್ಯವಾಗಿ ಅದೇ ದಿನ ಮನೆಗೆ ಕಳಿಸುತ್ತಾರೆ. ಇಲ್ಲಿ ನಮ್ಮ ಪಕ್ಕದ ಮನೆಯ ಅಜ್ಜಿ ಎರಡೂ ಕಣ್ಣು ಮಾಡಿಸಿಕೊಂಡು ಮತ್ತೆ ಹೊಲಿಗೆ ಹಾಕುತ್ತಿದ್ದಾರೆ. ನಾನು ಬರುವವರೆಗೆ ಕಾಯಬೇಡಿ. ಹಣ ನಾಗುವಿನ ಖಾತೆಗೆ ಹಾಕಿದ್ದೇನೆ. ನಮಗೆ ಯಾವ ಕಷ್ಟವೂ ಇಲ್ಲ, ಖಂಡಿತ ಇಲ್ಲ. ಒಳ್ಳೆಯ ಮಸೂರವನ್ನೇ ಹಾಕಿಸಿ, ಅಗ್ಗದ್ದು ಬೇಡ. ಸಕ್ಕರೆ ಪರೀಕ್ಷೆ ಮೊದಲೇ ಮಾಡಿಸಿಕೊಳ್ಳಿ. ಅಮ್ಮಾ, ಹೊತ್ತು ಹೊತ್ತಿಗೆ ಹನಿ ಹಾಕುವ ಜವಾಬ್ದಾರಿ ನಿನ್ನದು. ಹೆದರಬೇಡ, ಎಲ್ಲ ಸರಿಹೋಗುತ್ತದೆ, ಖಂಡಿತ ಸರಿಹೋಗುತ್ತದೆ.

ರಮೇಶ ಹೊರಗೆ ಹೊರಟಿದ್ದಾರೆ, ಅವರ ಕೈಯಲ್ಲೇ ಇದನ್ನು ಅಂಚೆಗೆ ಹಾಕಿಸಬೇಕು. ಶಸ್ತ್ರಚಿಕಿತ್ಸೆಯ ದಿನ ಗೊತ್ತಾದ ಕೂಡಲೇ ನಾಗು ಫೋನ್ ಮಾಡಲಿ. ಚಿಕ್ಕಮ್ಮನಿಗೆ ನಮಸ್ಕಾರ, ಪುಟ್ಟಿಗೆ ಮುತ್ತು.

ಇಂತಿ ನಿಮ್ಮ ಮಗಳು,
ಸುಮಾ