ದುಬೈಯಲ್ಲಿ ಮಧ್ಯಾಹ್ನದ ಬಿಸಿಲಿಗೆ ಕೆಲಸ ನಿಲ್ತದೆ, ನಮ್ಮಲ್ಲಿ ಯಾಕಿಲ್ಲ?

ಸಂಪಾದಕರಿಗೆ ನಮಸ್ಕಾರ,

ಮಾರ್ಚ್, ಎಪ್ರಿಲ್, ಮೇ ಈ ಮೂರು ತಿಂಗಳು ಮಧ್ಯಾಹ್ನ 12ರಿಂದ 3 ಗಂಟೆವರೆಗೆ ಬಿಸಿಲಲ್ಲಿ ನಿಂತು ಮಾಡುವ ಕೆಲಸವನ್ನು ದಕ್ಷಿಣ ಕನ್ನಡ ಉಡುಪಿ ಎರಡೂ ಜಿಲ್ಲೆಯಲ್ಲಿ ಕಡ್ಡಾಯವಾಗಿ ನಿಲ್ಲಿಸ್ಬೇಕು ಅಂತ ಕೇಳ್ಲಿಕ್ಕೆ ಈ ಪತ್ರ ಬರೀತಾ ಇದ್ದೇನೆ. ಈ ವಿಚಾರ ನಮ್ಮ ತಲೆಗೆ ಬಂದದ್ದು ದುಬೈಯಲ್ಲಿ, ಅದೂ ತಿರುಗಾಡ್ಲಿಕ್ಕೆ ಅಂತ ಇಳಿದಲ್ಲಿ, ಹಾಗಾಗಿ ಅಲ್ಲಿಯ ಕತೆ ಸ್ವಲ್ಪ ಹೇಳದೆ ಆಗೋದಿಲ್ಲ, ಉದ್ದ ಆಯ್ತು ಅಂತ ದಯವಿಟ್ಟು ಕತ್ತರಿ ಹಾಕ್ಬೇಡಿ.

ಹೋದ ವರ್ಷ ಜುಲಾಯಿಯಲ್ಲಿ ನಾವು ಗಂಡ ಹೆಂಡತಿ ಲಂಡನ್ನಿನ ಮಗಳ ಮನೆಯಿಂದ ವಾಪಸ್ ಬರುವಾಗ ಹೇಗೂ ದುಬೈಯಲ್ಲಿ ವಿಮಾನ ಬದಲಾಯಿಸ್ಲಿಕ್ಕೆ ಇತ್ತು, ಏರ್‌ಪೋರ್ಟಲ್ಲಿ ಸುಮ್ಮನೆ ಕೂತು ಸೊಂಟ ನೋಯಿಸ್ಕೊಳ್ಳೋದು ಯಾಕೆ, ಟ್ರಾನ್ಸಿಟ್ ವೀಸಾ ಮಾಡಿಸ್ತೇನೆ ಇಳಿದು ಊರು ನೋಡಿ ಹೋಗಿ ಅಂತ ಮಗಳೇ ಹೇಳಿದಳು. 48 ಗಂಟೆಯದ್ದು 96 ಗಂಟೆಯದ್ದು ಅಂತ ಎರಡು ಥರ ಉಂಟು ಆ ವೀಸಾ, ಏರ್‌ಲೈನಿನವರ ಮೂಲಕ ಮೊದಲೇ ಹಾಕಿಡ್ಬೇಕು. ಮಂಗಳೂರಿನವರಿಗೆ ದುಬೈ ಎಂತ ಹೊಸ ಊರಲ್ಲ, ಬಜಪೆಯಿಂದ ನೇರ ವಿಮಾನ ಉಂಟು, ನಮ್ಮ ಓಣಿಯಲ್ಲೇ ಗಲ್ಫಿನಲ್ಲಿ ದುಡಿದು ಬಂದವರು, ಈಗಲೂ ದುಡೀತಾ ಇರುವವರು ಎಷ್ಟೋ ಮನೆಯಲ್ಲಿ ಇದ್ದಾರೆ. ನಾವಿಬ್ಬರು ಮಾತ್ರ ನೋಡಿರ್ಲಿಲ್ಲ.

ಏರ್‌ಪೋರ್ಟಿನ ಎಸಿಯಿಂದ ಹೊರಗೆ ಕಾಲಿಟ್ಟದ್ದೇ ನಮ್ಮವರ ಕನ್ನಡಕಕ್ಕೆ ಪೂರಾ ಮಂಜು ಹಿಡೀತು, ಒರೆಸಿದ್ರೆ ಮತ್ತೆ ಹಿಡೀತದೆ. ಮರಳುಗಾಡು ಅಂದ್ರೆ ಒಣ ಬಿಸಿಲು ಅಂತ ಎಲ್ಲರೂ ತಿಳ್ಕೊಂಡಿರ್ತಾರೆ, ಆದ್ರೆ ದುಬೈ ಸಮುದ್ರದ ಬದಿಯ ಊರು ನೋಡಿ, ಜುಲಾಯಿಯಲ್ಲಿ 40 ಡಿಗ್ರಿ ದಾಟಿದ ಬಿಸಿಲು ಬೇರೆ, ಅದರ ಮೇಲೆ ನಮ್ಮ ಕರಾವಳಿಯ ಹಾಗೇ ನೀರಿನ ಪಸೆ ತುಂಬಿದ ಗಾಳಿ ಬೇರೆ. ಬೆವರು ಒಣಗಿದ್ರೆ ಮಾತ್ರ ಮೈ ತಂಪಾಗೋದು, ಗಾಳಿಯಲ್ಲೇ ಪಸೆ ಇದ್ರೆ ಬೆವರು ಸುರಿದು ಹೋಗ್ತದೆ ವಿನಾ ಮೈ ತಣಿಯೋದಿಲ್ಲ, ಇದು ಸುರತ್ಕಲ್ಲಿನಲ್ಲಿ ಎಪ್ರಿಲ್ ತಿಂಗಳು ಕಳೆದವರಿಗೆ ಯಾರೂ ಹೇಳಿ ಕೊಡ್ಬೇಕಂತ ಇಲ್ಲ.

ಊರು ಮಾತ್ರ ಭಾರೀ ಚಂದ, ಇದ್ದದ್ದನ್ನು ಇದ್ದ ಹಾಗೆ ಹೇಳ್ಬೇಕು. 2009ರಲ್ಲಿ ಶುರುವಾದ ಮೆಟ್ರೋ ಉಂಟಲ್ಲ ಅದಕ್ಕೆ ಡ್ರೈವರೇ ಇಲ್ಲ, ಹೆಂಗಸರಿಗೆ ಮಕ್ಕಳಿಗೆ ಬೇರೆ ಡಬ್ಬಿ, ಒಳಗೆ ತಿನ್ಲಿಕ್ಕೆ ಕುಡೀಲಿಕ್ಕೆ ಇಲ್ಲ, ತಿಂದ್ರೆ ದಂಡ. ಎಷ್ಟೋ ಬಸ್‌ಸ್ಟಾಪುಗಳು ಗಾಜಿನ ಕೋಣೆ, ಒಳಗೆ ಎಸಿ. ಒಂದು ಮಾಲಿನಲ್ಲಿ ನಿಜವಾದ ಹಿಮ ಹಾಕಿ ಮಕ್ಕಳು ಜಾರಿ ಆಡ್ತಾರೆ, ಇನ್ನೊಂದರಲ್ಲಿ ಗೋಡೆಯಷ್ಟು ದೊಡ್ಡ ಗಾಜಿನ ಹಿಂದೆ ಶಾರ್ಕು ತೊರಕೆ ಎಲ್ಲ ಈಜ್ತಾ ಇರ್ತವೆ. ಬುರ್ಜ್ ಖಲೀಫಾದ 124ನೇ ಮಾಳಿಗೆ ಹತ್ತಿದೆವು, 828 ಮೀಟರ್ ಎತ್ತರದ ಕಟ್ಟಡ, ಮೇಲಿಂದ ನೋಡಿದ್ರೆ ಒಂದು ಕಡೆ ಸಮುದ್ರ ಇನ್ನೊಂದು ಕಡೆ ಕಣ್ಣು ಹೋಗುವಷ್ಟು ದೂರ ಮರಳು, ನಡುವಲ್ಲಿ ಧೂಳಿನ ಮುಸುಕು.

ನಮ್ಮವರು ಇಡೀ ಜೀವನ ಕಟ್ಟಡದ ಕೆಲಸದಲ್ಲಿ ಸೂಪರ್‌ವೈಸರ್ ಆಗಿ ಇದ್ದವರು, ಅವರಿಗೆ ಕಿಟಕಿಯ ಹೊರಗಿನ ಊರಿಗಿಂತ ಕಟ್ಟಡದ ಮೇಲೇ ಕಣ್ಣು. ಅಲ್ಲಿ ನಿಂತು ಅವರು ಹೇಳಿದ ಒಂದು ಸಂಗತಿ ನನ್ನ ಮನಸ್ಸಲ್ಲಿ ಕೂತುಬಿಟ್ಟಿದೆ. ಈ ಕಟ್ಟಡ ಕಟ್ಟುವಾಗ ಬೇಸಿಗೆಯಲ್ಲಿ ಕಾಂಕ್ರೀಟ್ ಹಾಕ್ತಾ ಇದ್ದದ್ದು ರಾತ್ರಿ ಅಂತೆ, ಹಗಲಿನ ಬಿಸಿಗೆ ಹಾಕಿದ್ರೆ ಬೇಗ ಬಿಗಿದು ಬಿರುಕು ಬಿಡ್ತದೆ ಅಂತ, ಮತ್ತೆ ಕಲಸುವ ನೀರಿಗೆ ಐಸ್ ಸೇರಿಸ್ತಿದ್ರಂತೆ. "ನೋಡು, ಕಾಂಕ್ರೀಟಿಗೆ ಬಿಸಿಲು ತಾಗಬಾರದು ಅಂತ ಐಸ್ ಹಾಕ್ತಾರೆ, ಹಾಕುವವನಿಗೆ?" ಅಂತ ಕೇಳಿದ್ರು. ನನ್ನ ಹತ್ರ ಉತ್ತರ ಇರ್ಲಿಲ್ಲ.

ನಂಗೆ ಎಲ್ಲಕ್ಕಿಂತ ಇಷ್ಟ ಆದದ್ದು ಹಳೇ ದುಬೈ. ಅಲ್ಲಿ ಖಾರಿ ಒಂದು ಊರ ಮಧ್ಯ ಒಳಗೆ ಬಂದಿದೆ, ಈಚೆ ಬರ್ ದುಬೈ ಆಚೆ ದೇರಾ, ದಾಟ್ಲಿಕ್ಕೆ ಅಬ್ರಾ ಅಂತ ಮರದ ದೋಣಿ, ಒಬ್ಬರಿಗೆ ಒಂದೇ ದಿರಮ್. ಅಷ್ಟು ಶ್ರೀಮಂತ ಊರಲ್ಲಿ ಕೂಲಿಯವನೂ ಟೂರಿಸ್ಟೂ ಒಂದೇ ಹಲಗೆ ಮೇಲೆ ಬೆನ್ನಿಗೆ ಬೆನ್ನು ಕೊಟ್ಟು ಕೂತು ದಾಟ್ತಾರೆ, ನಮ್ಮ ಸುಲ್ತಾನ್ ಬತ್ತೇರಿಯಿಂದ ತಣ್ಣೀರುಬಾವಿಗೆ ದೋಣಿಯಲ್ಲಿ ಹೋದದ್ದೇ ನೆನಪಾಯ್ತು. ಆಚೆ ದಡದಲ್ಲಿ ಮಸಾಲೆ ಬಜಾರು, ಏಲಕ್ಕಿ, ಕೇಸರಿ, ಒಣ ನಿಂಬೆ, ಎಲ್ಲ ಗೋಣಿ ಬಾಯಿ ಬಿಚ್ಚಿ ಇಟ್ಟಿರ್ತಾರೆ, ಅಂಗಡಿಯವರಿಗೆ ಹಿಂದಿ ಮಲಯಾಳ ಎಲ್ಲ ಬರ್ತದೆ. 1966ರವರೆಗೆ ಆ ಊರಲ್ಲಿ ನಡೀತಾ ಇದ್ದ ದುಡ್ಡು ನಮ್ಮ ರಿಸರ್ವ್ ಬ್ಯಾಂಕಿನ ಗಲ್ಫ್ ರೂಪಾಯಿ, ಎಣ್ಣೆ ಸಿಕ್ಕಿದ್ದೂ ಅದೇ 1966ರಲ್ಲಿ, ಅಂದ್ರೆ ಈ ವೈಭವ ಎಲ್ಲ ನಮ್ಮ ಕಣ್ಣೆದುರಿನ ಕಾಲದ್ದು.

ಈಚೆ ದಡದಲ್ಲಿ ಅಲ್ ಫಹೀದಿ ಅಂತ ಹಳೇ ಕೇರಿ ಉಂಟು, ಸಣ್ಣ ಸಣ್ಣ ಓಣಿ, ಎರಡೂ ಕಡೆ ದಪ್ಪ ಗೋಡೆ, ಹಾಗಾಗಿ ಓಣಿಯಲ್ಲಿ ಹೆಚ್ಚು ಹೊತ್ತು ನೆರಳೇ. ಮನೆ ಮೇಲೆ ಚೌಕದ ಗೋಪುರ, ನಾಲ್ಕೂ ದಿಕ್ಕಿಗೆ ಬಾಯಿ ತೆರೆದಿರ್ತದೆ, ಯಾವ ಕಡೆಯಿಂದ ಗಾಳಿ ಬೀಸಿದ್ರೂ ಹಿಡಿದು ಕೆಳಗೆ ಕೋಣೆಗೆ ಇಳಿಸ್ತದೆ. ಕರೆಂಟೇ ಇಲ್ಲದ ಕಾಲದ ವ್ಯವಸ್ಥೆ ಅದು. ನಾನು ಅದರ ಬುಡದಲ್ಲಿ ನಿಂತು ನೋಡಿದೆ, ಜುಲಾಯಿ ಆದ ಕಾರಣ ತಂಪು ಅಂತ ಹೇಳ್ಲಿಕ್ಕೆ ಆಗದಿದ್ರೂ ಮೇಲಿಂದ ಗಾಳಿ ಇಳಿಯೋದು ಕೂದಲಿಗೆ ಗೊತ್ತಾಗ್ತದೆ. ನಮ್ಮಲ್ಲೂ ಇತ್ತಲ್ವಾ ಇಂಥ ಬುದ್ಧಿ, 1865ರಲ್ಲಿ ಬಾಸೆಲ್ ಮಿಶನ್ನಿನವರು ಹಂಚಿನ ಕಾರ್ಖಾನೆ ಹಾಕಿದ ಊರು ನಮ್ಮದು, ಎತ್ತರದ ಮಾಡು, ಹಂಚಿನ ಸಂದಿಯಿಂದ ಬಿಸಿ ಹೊರಗೆ ಹೋಗ್ತಿತ್ತು, ಎದುರು ಚಾವಡಿ, ಸುತ್ತ ಹಲಸು ಮಾವು. ಈಗ ಕೂಲಿಯವರು ಮಲಗುವ ಶೆಡ್ಡಿಗೂ ತಗಡಿನ ಶೀಟ್, ರಾತ್ರಿ 10 ಗಂಟೆಗೂ ಆ ಶೀಟಿನ ಬಿಸಿ ಇಳಿದಿರೋದಿಲ್ಲ.

ಈಗ ಮುಖ್ಯ ವಿಷಯಕ್ಕೆ ಬರ್ತೇನೆ. ಆ ಕೇರಿಯಿಂದ ಹೊರಟು ಮೆಟ್ರೋ ಸ್ಟೇಶನ್ ಹುಡುಕ್ತಾ ನಡೆದು ಬರುವಾಗ ದೊಡ್ಡ ಕಟ್ಟಡದ ಕೆಲಸ ನಡೆಯುವ ಜಾಗ ಒಂದು ಸಿಕ್ತು, ಒಂದು ಗಂಟೆ ಹೊತ್ತು, ಕ್ರೇನ್ ನಿಂತಿದೆ, ಮಿಕ್ಸರ್ ನಿಂತಿದೆ, ಒಂದು ಸುತ್ತಿಗೆ ಸದ್ದಿಲ್ಲ. ನಮ್ಮವರಿಗೆ ಆಶ್ಚರ್ಯ, ಸ್ಟ್ರೈಕ್ ಏನಾದ್ರೂ ಉಂಟಾ ಅಂತ. ಬೇಲಿ ಬದಿಯಲ್ಲಿ ದಪ್ಪ ಬಟ್ಟೆಯ ಚಪ್ಪರ, ದೊಡ್ಡ ಫ್ಯಾನು, ತಣ್ಣೀರಿನ ಡ್ರಮ್ಮು, ಕೆಳಗೆ ರಟ್ಟು ಹಾಸಿ ಜನ ಸಾಲಾಗಿ ಮಲಗಿದ್ದಾರೆ, ಹೆಲ್ಮೆಟನ್ನೇ ತಲೆ ಬದಿಗೆ ಇಟ್ಕೊಂಡು. ಎದ್ದು ಕೂತಿದ್ದ ಒಬ್ಬರು ತೆಲಂಗಾಣದವರು, ಹಿಂದಿಯಲ್ಲಿ ಮಾತಾಡಿದ್ರು. ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12.30ರಿಂದ 3 ಗಂಟೆವರೆಗೆ ಬಿಸಿಲಲ್ಲಿ ಕೆಲಸ ಮಾಡಿಸ್ಲಿಕ್ಕೇ ಇಲ್ಲ ಅಂತೆ, ಮಾಡಿಸಿದ್ರೆ ಕಂಪೆನಿಗೆ ಒಬ್ಬ ಕೆಲಸಗಾರನಿಗೆ 5,000 ದಿರಮ್ ಲೆಕ್ಕದಲ್ಲಿ 50,000ದವರೆಗೆ ದಂಡ. ನೆರಳು, ತಣ್ಣೀರು, ಉಪ್ಪು ಸಕ್ಕರೆಯ ಪುಡಿ ಇದೆಲ್ಲ ಕಂಪೆನಿಯೇ ಕೊಡ್ಬೇಕು. ದಿನಕ್ಕೆ 8 ಗಂಟೆಗಿಂತ ಹೆಚ್ಚಾದ್ರೆ ಅದು ಓವರ್‌ಟೈಮ್. ನಿಲ್ಲಿಸ್ಲಿಕ್ಕೇ ಆಗದ ಕೆಲಸ, ಡಾಂಬರು ಹಾಕೋದು, ನೀರಿನ ಪೈಪ್ ಒಡೆದದ್ದು, ಅಂಥದ್ದಕ್ಕೆ ಮಾತ್ರ ವಿನಾಯಿತಿ.

ಆ ಊರಲ್ಲಿ ಕೂಲಿಯವರಿಗೆ ಸ್ವರ್ಗ ಉಂಟು ಅಂತ ನಾನು ಹೇಳೋದಿಲ್ಲ. ಲೇಬರ್ ಕ್ಯಾಂಪಿನ ಕಷ್ಟ, ಪಾಸ್‌ಪೋರ್ಟ್ ಕಿತ್ತಿಟ್ಕೊಂಡದ್ದು, ಸಂಬಳಕ್ಕೆ ತಿಂಗಳುಗಟ್ಟಲೆ ಕಾದದ್ದು, ಎಲ್ಲ ನಮ್ಮ ಓಣಿಯವರ ಬಾಯಲ್ಲೇ ಕೇಳಿದ್ದೇನೆ. ಸೆಕೆ ಶುರುವಾಗೋದು ಜೂನ್ 15ಕ್ಕಿಂತ ಎಷ್ಟೋ ಮೊದಲು, ಹಾಗಾಗಿ ಮೂರು ತಿಂಗಳ ವಿರಾಮ ಸಾಲದು ಅಂತಲೂ ಹೇಳ್ತಾರೆ, ಕತಾರಿನಲ್ಲಿ ಜೂನ್ 1ರಿಂದಲೇ ಬೆಳಿಗ್ಗೆ 10ರಿಂದ 3.30ರವರೆಗೆ ನಿಲ್ಲಿಸ್ತಾರೆ. ಆದ್ರೂ ಕಾನೂನು ಅಂತ ಒಂದು ಉಂಟಲ್ಲ, ಆ ಚಪ್ಪರದಡಿ ಮಲಗಿದವರನ್ನು ಯಾವ ಮೇಸ್ತ್ರಿಯೂ ಎಬ್ಬಿಸ್ಲಿಕ್ಕೆ ಬರೋದಿಲ್ಲ ಅಲ್ವಾ.

ನಮ್ಮ ಮನೆ ಹಿಂದೆ ಈಗ ಒಂದು ಅಪಾರ್ಟ್‌ಮೆಂಟ್ ಏಳ್ತಾ ಉಂಟು. ಮೊನ್ನೆ ಒಂದೂವರೆ ಗಂಟೆಗೆ ಒಬ್ಬಳು ಹೆಂಗಸು ಗೇಟ್ ಹತ್ರ ಬಂದು "ಯಕ್ಕಾ, ಒಂದ್ ಚರಿಗಿ ನೀರ ಕೊಡ್ರಿ" ಅಂದಳು, ಬಾಗಲಕೋಟೆ ಕಡೆಯವಳು. ಬೆಳಿಗ್ಗೆಯಿಂದ ಜಲ್ಲಿ ಹೊತ್ತು ಹೊತ್ತು ತಲೆಗೆ ಸುತ್ತಿದ ಸಿಂಬೆ ಬೆವರಿಗೆ ನೆನೆದು ತೊಟ್ಟಿಕ್ತಾ ಉಂಟು, ಎರಡೂ ಅಂಗೈಗೆ ಹಳೇ ಸೀರೆ ತುಂಡು ಕಟ್ಟಿದ್ದಾಳೆ, ಯಾಕೆ ಅಂತ ಕೇಳಿದ್ರೆ ಬಿಸಿಲಿಗೆ ಕಬ್ಬಿಣದ ರಾಡ್ ಮುಟ್ಲಿಕ್ಕೆ ಆಗೋದಿಲ್ಲ, ಬೊಬ್ಬೆ ಏಳ್ತದೆ ಅಂತ. ನೀರು ಕುಡಿದು ಮುಖಕ್ಕೆ ಹಾಕ್ಕೊಂಡು ಮೆಟ್ಟಿಲ ಮೇಲೆ ಕೂರು ಅಂದ್ರೆ ಕೂರ್ಲಿಲ್ಲ, ಮೇಸ್ತ್ರಿ ಬಯ್ತಾನ ಅಂತ ಓಡಿದಳು. ಇವಳೊಬ್ಬಳಾ, ಕೆಂಪುಕಲ್ಲಿನ ಕೋರೆಯಲ್ಲಿ, ಹೈವೇ ಕೆಲಸದಲ್ಲಿ, ಬಂದರಿನ ಹಮಾಲಿಗಳಲ್ಲಿ, ಬಿಸಿಲಿಗೆ ಬಹುಮಹಡಿ ಕಟ್ಟಡದ ಹೊರಗೆ ನೇತಾಡಿ ಪೈಂಟ್ ಹೊಡೆಯುವವರಲ್ಲಿ ಎಷ್ಟು ಜನ ಬೇಕು, ಹೆಚ್ಚಿನವರು ಉತ್ತರ ಕರ್ನಾಟಕ, ಬಿಹಾರ, ಒಡಿಶಾದವರು, ಅವರ ಪರವಾಗಿ ಇಲ್ಲಿ ಪೇಪರಿಗೆ ಪತ್ರ ಬರೆಯುವವರು ಇಲ್ಲ.

ಕರಾವಳಿಯಲ್ಲಿ ಎಂತ ಬಿಸಿಲು, ಕಲಬುರಗಿ ರಾಯಚೂರಿನಷ್ಟು ಇಲ್ಲವಲ್ಲ ಅಂತ ಹೇಳುವವರಿಗೆ ಒಂದು ಮಾತು. ಬಯಲುಸೀಮೆಯಲ್ಲಿ 40 ಡಿಗ್ರಿ ಮುಟ್ಟಿದ ಮೇಲೆಯೇ ಹವಾಮಾನ ಇಲಾಖೆ ಬಿಸಿಗಾಳಿ ಲೆಕ್ಕ ಹಾಕೋದಾದ್ರೆ ಕರಾವಳಿಗೆ ಆ ಮಿತಿ 37 ಡಿಗ್ರಿ, ಮತ್ತೆ ಅದು ವಾಡಿಕೆಗಿಂತ 4.5 ಡಿಗ್ರಿ ಹೆಚ್ಚಿರ್ಬೇಕು. ಕಡಿಮೆ ಮಿತಿ ಇಟ್ಟಿದ್ದಾರೆ ಅಂದ್ರೆ ಇಲ್ಲಿ ಮೈ ತಡೆಯುವ ಶಕ್ತಿ ಬೇಗ ಮುಗೀತದೆ ಅಂತಲೇ ಅರ್ಥ. ಕಲಬುರಗಿ ಕಡೆ ಬೇಸಿಗೆಯಲ್ಲಿ ಸರಕಾರಿ ಕಚೇರಿಗಳನ್ನು ಬೆಳಿಗ್ಗೆ 8ರಿಂದ 1.30ಕ್ಕೆ ಬದಲಾಯಿಸ್ತಾರೆ, ಒಳ್ಳೇದೇ, ಆದ್ರೆ ಅದು ಫ್ಯಾನಿನಡಿ ಕೂರುವವರಿಗೆ. ಸಲಹೆ ಎಚ್ಚರಿಕೆ ಎಲ್ಲ ಪೇಪರಲ್ಲಿ ಬರ್ತದೆ, ಮಧ್ಯಾಹ್ನ ಹೊರಗೆ ಹೋಗ್ಬೇಡಿ, ನೀರು ಜಾಸ್ತಿ ಕುಡೀರಿ ಅಂತ, ನಮ್ಮ ಬೀದಿಯಲ್ಲಿ ಅದಕ್ಕಾಗಿ ಒಂದು ಕೆಲಸ ನಿಂತದ್ದು ನಾನು ಕಂಡಿಲ್ಲ.

ದುಬೈವರೆಗೆ ಹೋಗೋದೇ ಬೇಡ ನಿಜ ಹೇಳೋದಾದ್ರೆ. ತಲಪಾಡಿ ದಾಟಿದ್ರೆ ಕೇರಳ, ಅಲ್ಲಿ ಕಾರ್ಮಿಕ ಇಲಾಖೆ ವರ್ಷ ವರ್ಷ ಬೇಸಿಗೆಗೆ ಆದೇಶ ಮಾಡಿ ಮಧ್ಯಾಹ್ನ 12ರಿಂದ 3ರವರೆಗೆ ಬಿಸಿಲ ಕೆಲಸ ನಿಲ್ಲಿಸ್ತದೆ, ಬೆಳಿಗ್ಗೆ 7ರಿಂದ ಸಂಜೆ 7ರ ಒಳಗೆ 8 ಗಂಟೆ ಕೆಲಸ ಹೊಂದಿಸ್ಕೊಳ್ಳಿ ಅಂತ. ಮಂಜೇಶ್ವರದ ಬಿಸಿಲೂ ಉಳ್ಳಾಲದ ಬಿಸಿಲೂ ಬೇರೆ ಬೇರೆಯಾ? ಒಂದೇ ಸಮುದ್ರ, ಒಂದೇ ಗಾಳಿ, ಆ ಕಡೆಯವನಿಗೆ ನೆರಳು ಈ ಕಡೆಯವನಿಗೆ ಇಲ್ಲ.

ಕಾಂಟ್ರಾಕ್ಟರುಗಳು ಏನು ಹೇಳ್ತಾರೆ ಅಂತ ನಂಗೆ ಗೊತ್ತುಂಟು, ನಮ್ಮವರ ಹತ್ರವೇ ಕೇಳಿದೆ. ಸ್ಲ್ಯಾಬ್ ಹಾಕುವ ದಿನ ಅರ್ಧಕ್ಕೆ ನಿಲ್ಲಿಸ್ಲಿಕ್ಕೆ ಆಗೋದಿಲ್ಲ ಅಂತ ಅವರೂ ಒಪ್ತಾರೆ, ಅಂಥ ದಿನಕ್ಕೆ ಬೇರೆ ನಿಯಮ ಇರ್ಲಿ, ಅಥವಾ ಸ್ಲ್ಯಾಬನ್ನು ಸಂಜೆಗೆ ಇಟ್ಕೊಳ್ಳಿ, ಕಾಂಕ್ರೀಟಿಗೂ ಅದೇ ಒಳ್ಳೇದು ಅಂತಾರೆ. ಉಳಿದ ಕೆಲಸ ಬೆಳಿಗ್ಗೆ ಆರೂವರೆಗೆ ಶುರು ಮಾಡಿದ್ರೆ 12ರ ಒಳಗೆ ಮುಕ್ಕಾಲು ಪಾಲು ಮುಗೀತದೆ, ಹೊತ್ತು ನೆತ್ತಿಗೆ ಬಂದ ಮೇಲೆ ಮಾಡಿದ ಕೆಲಸ ಹೇಗೂ ಅರ್ಧಕ್ಕರ್ಧ ನಿಧಾನ ಅಂತ ಇಷ್ಟು ವರ್ಷ ಸೈಟಲ್ಲಿ ನಿಂತವರ ಮಾತು. ಒಂದು ಮಾತ್ರ ಗಟ್ಟಿಯಾಗಿ ಬರೀಬೇಕು, ವಿರಾಮ ಕೊಟ್ಟೆ ಅಂತ ಕೂಲಿ ಕಟ್ ಮಾಡ್ಲಿಕ್ಕೆ ಇಲ್ಲ. ಕೂಲಿ ಕಟ್ ಆಗ್ತದೆ ಅಂತಾದ್ರೆ ಯಾವ ಕೆಲಸಗಾರನೂ ನೆರಳಿಗೆ ಬರೋದಿಲ್ಲ, ಊರಲ್ಲಿ ಅವನ ಮಕ್ಕಳ ಹೊಟ್ಟೆಯ ಪ್ರಶ್ನೆ ಅದು.

ದುಡ್ಡು ಎಲ್ಲಿಂದ ಅಂತ ಕೇಳಿದ್ರೆ ಅದಕ್ಕೂ ದಾರಿ ಉಂಟು. 1996ರ ಕಟ್ಟಡ ಕಾರ್ಮಿಕರ ಕಾನೂನು ಬಂದ ಮೇಲೆ ಕಟ್ಟಡದ ಖರ್ಚಿನ ಶೇಕಡಾ 1ರಷ್ಟು ಸೆಸ್ ಕಾರ್ಮಿಕರ ಕಲ್ಯಾಣಕ್ಕೆ ಅಂತ ಸರಕಾರ ತಗೊಳ್ತಾ ಬಂದಿದೆ. ಕುಡಿಯುವ ನೀರು ಕೊಡೋದು ಮಾಲೀಕರ ಜವಾಬ್ದಾರಿ ಅಂತ ಅದೇ ಕಾನೂನಲ್ಲಿ ಬರೆದಿತ್ತು. ಒಂದು ಚಪ್ಪರ, ಎರಡು ಫ್ಯಾನು, ಒಂದು ಡ್ರಮ್ ತಣ್ಣೀರು, ಒಂದು ಮಣ್ಣಿನ ಹೂಜಿ ಆದ್ರೂ ಸರಿ, ಕೋಟಿಗಟ್ಟಲೆಯ ಪ್ರಾಜೆಕ್ಟಿಗೆ ಇದೊಂದು ಖರ್ಚಾ. ನಮ್ಮ ಗಂಡಸರು ಗಲ್ಫಿನಲ್ಲಿ ಬಿಸಿಲಿಗೆ ಬೆಂದು ಕಳಿಸಿದ ದುಡ್ಡಲ್ಲಿ ಎದ್ದ ಮನೆಗಳು ಈ ಊರಲ್ಲಿ ಎಷ್ಟಿಲ್ಲ, ಬಿಸಿಲಲ್ಲಿ ದುಡಿಯೋದು ಅಂದ್ರೆ ಎಂತ ಅಂತ ನಮಗೆ ಗೊತ್ತಿರದಿದ್ರೆ ಇನ್ಯಾರಿಗೆ ಗೊತ್ತಿರ್ಬೇಕು.

ಎರಡೂ ಜಿಲ್ಲೆಯ ಜಿಲ್ಲಾಧಿಕಾರಿಗಳು ಮತ್ತು ಕಾರ್ಮಿಕ ಇಲಾಖೆಯವರು ಕೂತು ಮಾತಾಡಿ ಈ ಬೇಸಿಗೆಯಲ್ಲೇ ಆದೇಶ ಹೊರಡಿಸ್ಬೇಕು, ದೂರು ಕೊಡ್ಲಿಕ್ಕೆ ಒಂದು ಫೋನ್ ನಂಬರನ್ನು ಕನ್ನಡ ಹಿಂದಿ ಎರಡರಲ್ಲೂ ಪ್ರತಿ ಸೈಟಿನ ಗೇಟಿಗೆ ಹಾಕಿಸ್ಬೇಕು. ಮತ್ತೆ ನಿಮ್ಮ ಪತ್ರಿಕೆಯಲ್ಲಿ ಒಂದು ವಿನಂತಿ, ನಿಮ್ಮ ವರದಿಗಾರರು ಯಾವುದಾದ್ರೂ ಒಂದು ದಿನ ಮಧ್ಯಾಹ್ನ ಒಂದು ಗಂಟೆಗೆ ತಲಪಾಡಿ ಗೇಟಿನ ಆಚೆಯ ಒಂದು ಸೈಟು ಈಚೆಯ ಒಂದು ಸೈಟು ಎರಡಕ್ಕೂ ಹೋಗಿ, ಕಂಡದ್ದನ್ನು ಫೋಟೋ ಸಮೇತ ಒಂದೇ ಪುಟದಲ್ಲಿ ಹಾಕ್ಲಿ.

ಇತಿ,
ನಿಮ್ಮ ಪತ್ರಿಕೆಯ ಓದುಗರು, ಸುರತ್ಕಲ್