ನೀರು ಹಿಡಿಯುವಾಗಲೇ ತಪ್ಪಿದರೆ?

ಮಾನ್ಯರೇ,

ಪಾವಗಡ, ಕೋಲಾರದ ಕಡೆ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಇರುವುದು ಹೊಸ ವಿಷಯವೇನಲ್ಲ. ಲ್ಯಾಬ್ ವರದಿ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ಪರೀಕ್ಷೆಗೆ ನೀರು ಹಿಡಿದಿದ್ದು ಹೇಗೆ ಅಂತ ಯಾರೂ ಕೇಳುವುದಿಲ್ಲ.

ಮೊನ್ನೆ ನಮ್ಮೂರಿನಲ್ಲಿ ಮೋಟರ್ ಹಾಕಿದ ತಕ್ಷಣ ಬಂದ ಕೆಂಪು ನೀರನ್ನೇ ಹಳೇ ಜ್ಯೂಸ್ ಬಾಟಲಿಗೆ ತುಂಬಿಕೊಂಡು ಹೋದರು. ಅದು ಪೈಪಿನಲ್ಲಿ ನಿಂತಿದ್ದ ನೀರು. ಸ್ವಲ್ಪ ಹೊತ್ತು ಮೋಟರ್ ಓಡಬೇಕು. ಮೀಟರಿನಲ್ಲಿ ಪಿಎಚ್ (ನೀರು ಎಷ್ಟು ಆಮ್ಲೀಯ ಎಂಬ ಅಳತೆ), ಉಷ್ಣಾಂಶ ಏರಿಳಿಯದೆ ನಿಂತ ಮೇಲೆ ಹಿಡಿಯಬೇಕು.

ಫ್ಲೋರೈಡ್‌ಗೆ ಪ್ಲಾಸ್ಟಿಕ್ ಬಾಟಲಿಯೇ ಸರಿ, ಗಾಜಿನದು ಬೇಡ. ಆರ್ಸೆನಿಕ್, ಸೀಸ, ಯುರೇನಿಯಂ ನೋಡಬೇಕಿದ್ದರೆ ಬೇರೆ ಬಾಟಲಿ. ಅದಕ್ಕೆ ಪಿಎಚ್ 2ಕ್ಕಿಂತ ಕೆಳಗಿಳಿಯುವಷ್ಟು ನೈಟ್ರಿಕ್ ಆಸಿಡ್ ಹಾಕಬೇಕು. ಇಲ್ಲದಿದ್ದರೆ ಲೋಹದ ಅಂಶ ಬಾಟಲಿಗೇ ಅಂಟಿಕೊಂಡು ವರದಿಯಲ್ಲಿ ಕಡಿಮೆ ಕಾಣಬಹುದು. ಹಾಗಂತ ಅದೇ ಬಾಟಲಿಯಲ್ಲಿ ನೈಟ್ರೇಟ್ ಅಳೆದರೆ ಪ್ರಯೋಜನವಿಲ್ಲ, ಆಸಿಡ್‌ನಲ್ಲೇ ನೈಟ್ರೇಟ್ ಇದೆಯಲ್ವಾ! ನೈಟ್ರೇಟ್‌ಗೆ ಆಸಿಡ್ ಹಾಕದ ಬಾಟಲಿ, ಐಸ್ ಪೆಟ್ಟಿಗೆ ಬೇಕು.

ಕುಡಿಯುವ ನೀರಿನಲ್ಲಿ ಆರ್ಸೆನಿಕ್ ಮಿತಿ ಲೀಟರಿಗೆ 0.01 ಮಿಲಿಗ್ರಾಂ. ಇಷ್ಟು ಸಣ್ಣ ಲೆಕ್ಕ ಕೆಡಲು ಒಂದು ಕೊಳಕು ಬಾಟಲಿ ಸಾಕು. ನೀರು ಹಿಡಿದ ಸಮಯ, ಬಾಟಲಿ, ಆಸಿಡ್ ವಿವರವನ್ನೂ ವರದಿಯ ಜೊತೆ ಪಂಚಾಯಿತಿ ನೋಟಿಸ್ ಬೋರ್ಡಿಗೆ ಹಾಕಲಿ.

- ಓದುಗ, ಪಾವಗಡ ತಾಲ್ಲೂಕು