ಕೌಬಾಯ್ ಚಿತ್ರ: ಪಾತ್ರ ಯಾರದು, ಮಾತು ಯಾರದು?

ಮಾನ್ಯ ಸಂಪಾದಕರೇ,

ಹಳೆಯ ಕೌಬಾಯ್ ಚಿತ್ರಗಳ ಮಾತು ಬಂದಾಗಲೆಲ್ಲ ‘ಅಲ್ಲಿ ಬಿಳಿಯರನ್ನು ಬಿಟ್ಟರೆ ಬೇರೆ ಯಾರಿದ್ದಾರೆ’ ಎಂಬ ಆಕ್ಷೇಪ ಕೇಳಿಬರುತ್ತದೆ. ಅದು ಅರ್ಧ ಮಾತ್ರ ನಿಜ. ಅಮೆರಿಕದ ಮೂಲನಿವಾಸಿಗಳು ಇದ್ದರು: ಗುಂಪಿನಲ್ಲಿ, ಕುದುರೆಯ ಮೇಲೆ, ದೂರದ ದಿಬ್ಬದ ಮೇಲೆ. ಕ್ಯಾಮೆರಾ ಹತ್ತಿರ ಬಂದು, ಬಾಯಿ ಬಿಟ್ಟು ಮಾತಾಡಬೇಕಾದ ಕಡೆ ಇರಲಿಲ್ಲ.

1956ರ ‘ದಿ ಸರ್ಚರ್ಸ್’ ನೋಡಿ. ಕಥೆ ಟೆಕ್ಸಸ್‌ನದು, ಚಿತ್ರೀಕರಣ ನಡೆದದ್ದು ಅರಿಜೋನಾ–ಯೂಟಾ ಗಡಿಯ ಮಾನ್ಯುಮೆಂಟ್ ವ್ಯಾಲಿಯಲ್ಲಿ. ಕೊಮಾಂಚಿ ಎಂಬ ಮೂಲನಿವಾಸಿ ಜನಾಂಗದ ಯೋಧರಾಗಿ ಕಾಣುವವರು ಅಲ್ಲಿಯ ಬೇರೊಂದು ಜನಾಂಗವಾದ ನವಾಹೊ ಜನ. ಕೊಮಾಂಚಿ ನಾಯಕ ಸ್ಕಾರ್ ಮಾತ್ರ ಜರ್ಮನಿಯಲ್ಲಿ ಹುಟ್ಟಿದ ನಟ ಹೆನ್ರಿ ಬ್ರ್ಯಾಂಡನ್. 1964ರ ‘ಶಾಯೆನ್ ಆಟಮ್’ನಲ್ಲೂ ಶಾಯೆನ್ ಎಂಬ ಇನ್ನೊಂದು ಜನಾಂಗದವರಾಗಿ ನಿಂತ ನವಾಹೊಗಳು ತಮ್ಮ ಭಾಷೆಯನ್ನೇ ಆಡಿದರು. ಗಂಭೀರ ದೃಶ್ಯದಲ್ಲಿ ಅವರು ತಮ್ಮತಮ್ಮಲ್ಲೇ ಪೋಲಿ ತಮಾಷೆ ಮಾಡಿದ್ದು ಹಾಲಿವುಡ್‌ಗೆ ತಿಳಿಯಲಿಲ್ಲ, ನವಾಹೊ ಪ್ರೇಕ್ಷಕರಿಗೆ ತಿಳಿಯಿತು. ನವಾಹೊ, ಶಾಯೆನ್ ಭಾಷೆಗಳಿಗೆ ಕನ್ನಡ–ತೆಲುಗಿನಷ್ಟೂ ನಂಟಿಲ್ಲ; ಕುಟುಂಬವೇ ಬೇರೆ. ಬಳ್ಳಾರಿಯಂಥ ಗಡಿ ಊರಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಹೀಗಾದದ್ದಕ್ಕೆ ಅಜ್ಞಾನ ಒಂದೇ ಕಾರಣವಲ್ಲ. ಗುಂಪಿಗೆ ಸ್ಥಳೀಯರನ್ನು ದಿನದ ಲೆಕ್ಕದಲ್ಲಿ ಕರೆದರೆ ಸಾಕು. ಪೋಸ್ಟರ್‌ಗೆ ಮಾತ್ರ ಟಿಕೆಟ್ ಹರಿಯುವ ಹೆಸರು ಬೇಕು. ಜೊತೆಗೆ 1934ರಿಂದ ಬಿಗಿಯಾಗಿ ಜಾರಿಯಾದ ನಿರ್ಮಾಣ ಸಂಹಿತೆ (ತೆರೆಯ ಮೇಲೆ ಏನು ತೋರಿಸಬಾರದೆಂದು ಹಾಲಿವುಡ್ ತಾನೇ ಹಾಕಿಕೊಂಡ ಕಟ್ಟುಪಾಡು) ಬಿಳಿಯ–ಕರಿಯರ ಪ್ರಣಯವನ್ನೇ ನಿಷೇಧಿಸಿತ್ತು. ಅದೇ ಅಂಜಿಕೆ ಉಳಿದ ಜನಾಂಗಗಳ ಪಾತ್ರಗಳಿಗೂ ಹಬ್ಬಿತು. 1950ರ ‘ಬ್ರೋಕನ್ ಆ್ಯರೋ’ದಲ್ಲಿ ಜೇಮ್ಸ್ ಸ್ಟೂವರ್ಟ್‌ನನ್ನು ಮದುವೆಯಾಗುವ ಅಪಾಚೆ ಹುಡುಗಿ ಬಿಳಿಯ ನಟಿ ಡೆಬ್ರಾ ಪ್ಯಾಜೆಟ್. ಆದರೂ ಆ ಪಾತ್ರ ಕೊನೆಗೆ ಸಾಯಲೇಬೇಕಾಯಿತು! ಶಾಂತಿ ಬಯಸುವ ಅಪಾಚೆ ನಾಯಕ ಕೊಚೀಸ್ ಆದದ್ದು ಬ್ರೂಕ್ಲಿನ್‌ನ ಜೆಫ್ ಚಾಂಡ್ಲರ್. ಆಸ್ಕರ್ ನಾಮನಿರ್ದೇಶನವೂ ಸಿಕ್ಕಿತು. ಮೊಹಾಕ್ ಜನಾಂಗದ ಜೇ ಸಿಲ್ವರ್‌ಹೀಲ್ಸ್‌ಗೆ ದಕ್ಕಿದ್ದು ಶಾಂತಿ ಒಪ್ಪಂದ ತಿರಸ್ಕರಿಸುವ ಅಪಾಚೆ ಜೆರೊನಿಮೊನ ಪುಟ್ಟ ಪಾತ್ರ.

ದನ ಕಾಯುವ ಕೌಬಾಯ್‌ಗಳಲ್ಲಿ ನಾಲ್ವರಲ್ಲಿ ಒಬ್ಬ ಕಪ್ಪು ವರ್ಣೀಯನಿದ್ದ ಎಂಬುದು ಇತಿಹಾಸಕಾರರ ಅಂದಾಜು. ತೆರೆಯ ಮೇಲೆ ಆ ಪ್ರಮಾಣ ಎಲ್ಲಿದೆ? 1960ರ ‘ಸಾರ್ಜೆಂಟ್ ರಟ್ಲೆಜ್’ನಲ್ಲಿ ಶೀರ್ಷಿಕೆಯ ಪಾತ್ರವೇ ಕಪ್ಪು ವರ್ಣೀಯ ನಟ ವುಡಿ ಸ್ಟ್ರೋಡ್‌ನದು, ಆದರೆ ಹೆಸರುಪಟ್ಟಿಯ ಮೊದಲಲ್ಲಿರುವುದು ಬಿಳಿಯ ನಟ ಜೆಫ್ರಿ ಹಂಟರ್.

ನಮ್ಮ ಭಾಗದ ಕಾಲೇಜುಗಳಲ್ಲಿ ಇಂಥ ಚಿತ್ರ ತೋರಿಸುವವರು ಡಬ್ ಆದ ಪ್ರತಿ ಹಾಕಬಾರದು. ಡಬ್ಬಿಂಗ್‌ನಲ್ಲಿ ಎಲ್ಲರ ಬಾಯಲ್ಲೂ ಒಂದೇ ಭಾಷೆ ಬಂದು, ನೋಡಬೇಕಾದ ವಿಷಯವೇ ಅಳಿಸಿಹೋಗುತ್ತದೆ. ಮೂಲ ಧ್ವನಿ ಇಟ್ಟು, ಹೆಸರುಪಟ್ಟಿಯಲ್ಲಿ ಒಮ್ಮೆ ನಿಲ್ಲಿಸಿ. ಮಾತಿರುವ ಪ್ರತಿ ಪಾತ್ರದ ಎದುರು ನಟ ಎಲ್ಲಿಯವನು, ಯಾವ ಭಾಷೆ ಆಡಿದ, ಅಡಿಬರಹ ಅದನ್ನು ಅನುವಾದಿಸಿತೇ ಎಂದು ಬರೆಸಿ. ಬರೀ ಮುಖ ಎಣಿಸಿದರೆ ‘ದಿ ಸರ್ಚರ್ಸ್’ ಕೂಡ ಪಾಸಾಗಿಬಿಡುತ್ತದೆ.

ಮೊದಲಿಗೆ 1952ರ ‘ಹೈ ನೂನ್’ ಒಳ್ಳೆಯದು, 85 ನಿಮಿಷವಷ್ಟೆ. ಮೆಕ್ಸಿಕೊದ ನಟಿ ಕೇಟಿ ಹುರಾಡೊ ಅಲ್ಲಿ ಸ್ವಂತ ವ್ಯಾಪಾರವಿರುವ ಹೆಲೆನ್ ರಮಿರೆಜ್. ಊರು ಬಿಡುವ ಮುನ್ನ ಆಕೆ ಊರಿನ ಕಾನೂನು ಕಾಯುವ ಮಾರ್ಷಲ್ ಜೊತೆ ಸ್ಪ್ಯಾನಿಷ್‌ನಲ್ಲಿ ಎರಡು ಮಾತಾಡುತ್ತಾಳೆ: ನಿನ್ನನ್ನು ನೋಡಿ ಒಂದು ವರ್ಷವಾಯಿತು ಎಂದು. ಆತ ಸ್ಪ್ಯಾನಿಷ್‌ನಲ್ಲೇ ‘ಗೊತ್ತು’ ಅನ್ನುತ್ತಾನೆ. ಚಿತ್ರ ಇದನ್ನು ಇಂಗ್ಲಿಷಿಗೆ ತಿರುಗಿಸುವ ಗೋಜಿಗೇ ಹೋಗುವುದಿಲ್ಲ.

– ಚಿತ್ರಾಸಕ್ತ ಓದುಗರು, ಬಳ್ಳಾರಿ